ಫೀಜೋವಾ ತಂಡದ ಗುಟ್ಟಿನ ಭಾಷೆ

ಕಳೆದ ಗುರುವಾರ ಕಾರಿನ ಡಿಕ್ಕಿಯಿಂದ ಅಕ್ಕಿ ಮೂಟೆ ಎಳೆಯುತ್ತಿದ್ದೆ. ಪರದೇಶದ ನಮ್ಮ ಈ ಜಾನ್ಸನ್‌ವಿಲ್ ಬಡಾವಣೆಯಲ್ಲಿ ಗಾಳಿ ಯಾವಾಗಲೂ ಜೋರು, ಡಿಕ್ಕಿಯ ಬಾಗಿಲು ನನ್ನ ತಲೆಯ ಮೇಲೆ ಬೀಳಲು ಹೊಂಚು ಹಾಕುತ್ತಿತ್ತು. ಮೂಟೆ ಮಾತ್ರ ಬರಲೊಲ್ಲದು. ಏನೋ ಅಡ್ಡ ಸಿಕ್ಕಿಕೊಂಡಿದೆ. ಕೈಹಾಕಿ ತಡಕಾಡಿದರೆ ಸಿಕ್ಕಿದ್ದು ಹಳದಿ ಬಣ್ಣದ ಒಂದು ಪ್ಲಾಸ್ಟಿಕ್ ಚೆಂಡು. ಮೈತುಂಬ ತೂತು. ಕೈಗೆ ಬಂದದ್ದನ್ನೆಲ್ಲ ಮೂಸಿ ನೋಡುವುದು ನನ್ನ ಹಳೇ ಚಟ, ಮೂಸಿದೆ. ನೆಲದ ಪಾಲಿಷು, ಒದ್ದೆ ಶೂ, ಕಿತ್ತಳೆ ಸಿಪ್ಪೆ. ಇಷ್ಟು ವರ್ಷ ಆ ವಾಸನೆ ಉಳಿದಿರಲು ಸಾಧ್ಯವೇ ಇಲ್ಲ ಅಂತ ನೀವು ಹೇಳಬಹುದು. ಹೇಳಿ. ನನಗೆ ಮಾತ್ರ ಬಂತು.

ನಾನು ಒಂದು ಕಾಲದಲ್ಲಿ ಹಾಕಿ ಕೋಚ್ ಆಗಿದ್ದೆ. ನಗಬೇಡಿ. ನನ್ನ ಹೆಂಡತಿ ರೂಪಾ ನಕ್ಕದ್ದೇ ಸಾಕು. ಅವಳು ಹುಬ್ಬಳ್ಳಿಯವಳು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್, ರೋಗಿಗಳ ಹತ್ತಿರ ಬೆಣ್ಣೆಯಂಥ ಮಾತು. ಮನೆಯಲ್ಲಿ ಬೇರೆ ಮಾತು. "ಏನ್ರೀ, ಹಾಕಿ ಕೋಲು ಯಾವ ತುದೀಗೆ ಹಿಡೀತಾರ ಅಂತರ ಗೊತ್ತದನ ನಿಮಗ?" ಅಂದಳು. ಗೊತ್ತಿರಲಿಲ್ಲ. ಮೈಸೂರಿನಲ್ಲಿ ಶಾಲೆಗೆ ಹೋಗುವಾಗ ನಾನು ಆಡಿದ್ದು ಕ್ರಿಕೆಟ್ ಒಂದೇ, ಅದೂ ಆಡಿದ್ದಕ್ಕಿಂತ ಬೌಂಡರಿಯಾಚೆ ಚರಂಡಿಗೆ ಬಿದ್ದ ಚೆಂಡು ತೆಗೆದದ್ದೇ ಹೆಚ್ಚು.

ಆದದ್ದು ಇಷ್ಟು. ನನ್ನ ಮಗಳು ಸಿರಿಗೆ ಆಗ ಹತ್ತು ವರ್ಷ. ಶಾಲೆಯಲ್ಲಿ ಫ್ಲೋರ್ ಹಾಕಿ ತಂಡಕ್ಕೆ ಹೆಸರು ಕೊಟ್ಟಿದ್ದಳು. ಇದು ಹುಲ್ಲಿನ ಮೇಲಿನ ಹಾಕಿ ಅಲ್ಲ. ಹಾಲ್‌ನೊಳಗೆ, ಮರದ ನೆಲದ ಮೇಲೆ, ಪ್ಲಾಸ್ಟಿಕ್ ಕೋಲು ಹಿಡಿದು ಆಡುವಂಥದ್ದು. ಮಕ್ಕಳೆಲ್ಲ ಸೇರಿ ತಂಡಕ್ಕೆ 'ಫ್ಲೈಯಿಂಗ್ ಫೀಜೋವಾಸ್' ಅಂತ ಹೆಸರಿಟ್ಟಿದ್ದರು. ಫೀಜೋವಾ ಅಂದರೆ ಸೀಬೆಯ ದೂರದ ನೆಂಟನ ಹಾಗಿರುವ ಒಂದು ಹಸಿರು ಹಣ್ಣು. ಇಲ್ಲಿ ಶರತ್ಕಾಲದಲ್ಲಿ ಅಕ್ಕಪಕ್ಕದವರು ಚೀಲಗಟ್ಟಲೆ ತಂದು ಬಾಗಿಲಲ್ಲಿಟ್ಟು ಓಡಿಹೋಗುತ್ತಾರೆ. ಹೆಸರು ಆಯಿತು, ಟೀಶರ್ಟ್ ಆಯಿತು, ಕೋಚ್ ಮಾತ್ರ ಇಲ್ಲ. ಇಲ್ಲಿನ ಪದ್ಧತಿ ಹಾಗೆ: ಯಾರಾದರೂ ಅಪ್ಪನೋ ಅಮ್ಮನೋ ಮುಂದೆ ಬರಬೇಕು, ಇಲ್ಲದಿದ್ದರೆ ತಂಡವೇ ಇಲ್ಲ. ಯಾರೂ ಬರಲಿಲ್ಲ. ಸಿರಿ ಮುಖ ಸಣ್ಣ ಮಾಡಿಕೊಂಡು ಓಡಾಡುವುದನ್ನು ನೋಡಲಾರದೆ ನಾನು ಹೂಂ ಅಂದುಬಿಟ್ಟೆ.

ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ವಕೀಲರ ಹಾಗೆ ನನ್ನೆದುರು ಕೂತು ಹೇಳಿದಳು: "ಓಕೆ, ಅಪ್ಪಾ. ಬಟ್ ನೋ ಕನ್ನಡ. ಪ್ರಾಮಿಸ್?"

ಅವಳನ್ನು ಪೂರ್ತಿ ದೂರುವಂತಿಲ್ಲ. ಹಿಂದಿನ ಟರ್ಮಿನಲ್ಲಿ ಶಾಲೆಯ ಗೇಟಿನ ಈಚೆಯಿಂದ ನಾನು, "ಸಿರೀ, ಮೂಗು ಒರೆಸ್ಕೊಳೇ!" ಅಂತ ಕೂಗಿದ್ದೆ. ಯಾರಿಗೂ ಅರ್ಥವಾಗಿರಲಿಲ್ಲ, ನಿಜ. ಆದರೆ ಕೂಗುತ್ತಾ ಮೂಗು ಒರೆಸುವ ಅಭಿನಯವನ್ನೂ ಮಾಡಿ ತೋರಿಸಿದ್ದೆನಲ್ಲ, ಅದು ಎಲ್ಲರಿಗೂ ಅರ್ಥವಾಗಿತ್ತು. ಅವತ್ತಿನಿಂದ ಗೇಟಿನ ಹತ್ತಿರ ಅವಳು ನನ್ನನ್ನು ಮಾತಾಡಿಸುವುದನ್ನೇ ಬಿಟ್ಟಿದ್ದಳು. ಮನೆಯಲ್ಲಿ ನಾವಾಡುವ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ನನ್ನ ಮೈಸೂರಿನದೂ, ಅವಳಮ್ಮನ ಹುಬ್ಬಳ್ಳಿಯದೂ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಹಾಗೇ ಅಂತ ಸಮಾಧಾನ ಮಾಡಿಕೊಂಡಿದ್ದೆ. ಉತ್ತರ ಕೊಡದಿದ್ದರೆ ಬೇಡ. ಆದರೆ ನಾಲ್ಕು ಜನರೆದುರು ನನ್ನ ಭಾಷೆ ಅವಳಿಗೆ ನಾಚಿಕೆ ಅನ್ನುವುದು, ಯಾಕೆ ಮುಚ್ಚಿಡಲಿ, ಚುಚ್ಚಿತು. ತಂಡ ಗೆಲ್ಲಲಿ ಬಿಡಲಿ, ಆ ಸೀಸನ್ ಮುಗಿಯುವುದರೊಳಗೆ ಇವಳ ಈ ಸಂಕೋಚ ಒಂಚೂರು ಕರಗಲಿ ಅಂತ ಮನಸ್ಸಿನಲ್ಲೇ ಹರಕೆ ಹೊತ್ತೆ. ಬಾಯಲ್ಲಿ, "ಪ್ರಾಮಿಸ್" ಅಂದೆ.

ಮೊದಲ ದಿನದ ಪ್ರಾಕ್ಟೀಸು ನಮ್ಮ ಶಾಲೆಯ ಹಾಲ್‌ನಲ್ಲಿ. ಹೊಡೆಯುವುದು ಹೇಗೆ ಅಂತ ತೋರಿಸಲು ಕೋಲನ್ನು ಭುಜದವರೆಗೆ ಎತ್ತಿ, ಕಾಲು ಮುಂದಿಟ್ಟು, ಅಂದವಾದ ಒಂದು ಕವರ್ ಡ್ರೈವ್ ಹೊಡೆದೆ. ಚೆಂಡು ಹೋಗಿ ಗೋಡೆಯ ಮೇಲಿನ ಗಡಿಯಾರಕ್ಕೆ ಬಡಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಸಿನಾ ಅನ್ನುವ ಹುಡುಗಿ ಮಾತ್ರ, ಸಿರಿಯ ಜೀವದ ಗೆಳತಿ, ಸಮೋವಾ ದ್ವೀಪದ ಕಡೆಯವಳು, ತುಂಬ ಮರ್ಯಾದೆಯಿಂದ, "ಅಂಕಲ್, ಕೋಲು ಮೊಣಕಾಲಿಗಿಂತ ಮೇಲೆ ಎತ್ತಿದರೆ ಹೊರಗೆ ಕಳಿಸ್ತಾರೆ" ಅಂದಳು. ಅವಳು ಅಂದದ್ದು ಇಂಗ್ಲಿಷಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಕೋಚಿಗೆ ನಿಯಮ ತಿಳಿದದ್ದು ಹೀಗೆ.

ಪಂದ್ಯಗಳು ಗುರುವಾರ ಸಂಜೆ ರೀಕ್ರಿಯೇಷನ್ ಸೆಂಟರಿನಲ್ಲಿ. ಮೊದಲ ಪಂದ್ಯದ ಮೊದಲರ್ಧ ನಾನು ಇಂಗ್ಲಿಷಿನಲ್ಲೇ ಸಭ್ಯನಾಗಿದ್ದೆ. "ವೆಲ್ ಡನ್", "ಗುಡ್ ಟ್ರೈ", "ನೆವರ್ ಮೈಂಡ್". ನಾವು ಗೋಲಿನ ಮೇಲೆ ಗೋಲು ತಿನ್ನುತ್ತಿದ್ದೆವು. ದ್ವಿತೀಯಾರ್ಧದಲ್ಲಿ ಸಿನಾ ಒಬ್ಬಳೇ ಚೆಂಡು ತಳ್ಳಿಕೊಂಡು ಎದುರು ಗೋಲಿನ ಬಾಯಿಗೇ ಹೋದಳು ನೋಡಿ, ನನ್ನ ಇಂಗ್ಲಿಷ್ ಎಲ್ಲಿ ಹೋಯಿತೋ! ನಾನು ಆಫೀಸಿನಲ್ಲಿ ದಿನವಿಡೀ ಆ ಭಾಷೆಯಲ್ಲೇ ಮೀಟಿಂಗ್ ಮಾಡುವವನು. ಆದರೆ ಹೊಟ್ಟೆಯೊಳಗಿಂದ ಬರುವ ಕೂಗು ಬೇರೆ. "ಹೊಡಿ! ಹೊಡಿಯೇ! ಬಿಡಬೇಡ!" ಅಂತ ಹಾಲ್ ಹಾರಿಹೋಗುವ ಹಾಗೆ ಕಿರುಚಿದೆ. ಸಿನಾ ಬೆಚ್ಚಿಬಿದ್ದು ಹೊಡೆದಳು. ಗೋಲು!

ಸಿರಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ಕಿವಿ ಕೆಂಪಗಾಗಿತ್ತು. ಕಾರಿನಲ್ಲಿ ಒಂದೇ ಮಾತು: "ಯೂ ಪ್ರಾಮಿಸ್ಡ್." ನಾನು ಕ್ಷಮೆ ಕೇಳಿದೆ, ದಾರಿಯ ಡೈರಿಯಲ್ಲಿ, ಇಲ್ಲಿ ಮೂಲೆಯಂಗಡಿಗೆ ಹಾಗನ್ನುತ್ತಾರೆ, ಐಸ್‌ಕ್ರೀಂ ಕೊಡಿಸಿದೆ. ಕಿಟಕಿಯ ಕಡೆ ತಿರುಗಿಕೊಂಡು ತಿಂದಳು.

ಮರುದಿನ ಶಾಲೆಯಲ್ಲಿ ಏನಾಯಿತು ಅಂದರೆ, ಸಿನಾ ಊಟದ ಬಿಡುವಿನಲ್ಲಿ ಎಲ್ಲರನ್ನೂ "ಹೊಡಿಯೇ, ಬಿಡಬೇಡ" ಅಂತ ಅಟ್ಟಿಸಿಕೊಂಡು ಓಡಿದಳಂತೆ. ಮುಂದಿನ ಪ್ರಾಕ್ಟೀಸಿಗೆ ಬಂದವಳೇ ಸೊಂಟದ ಮೇಲೆ ಕೈಯಿಟ್ಟು, ನಮಗೆ ಇನ್ನಷ್ಟು ಗುಟ್ಟಿನ ಮಾತು ಬೇಕು, ಎದುರು ತಂಡಕ್ಕೆ ಅರ್ಥವಾಗಬಾರದು ಅಂದಳು. ಉಳಿದವರೂ ಹೂಂಗುಟ್ಟಿದರು. ನಾನು ಮಗಳ ಮುಖ ನೋಡಿದೆ. ಅವಳು ಸೂರು ನೋಡುತ್ತಾ, "ಫೈನ್" ಅಂದಳು. ಅದು ಯಾವ ಥರದ 'ಫೈನ್' ಅಂತ ಹೆಣ್ಣುಮಕ್ಕಳ ಅಪ್ಪಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಶುರುವಾಯಿತು. ಎಡಕ್ಕೆ, ಬಲಕ್ಕೆ, ಹಿಂದೆ ಕೊಡು, ಬಿಡಬೇಡ. ಹಿಂದೆ ಕೊಡು ಅನ್ನುವುದು ಆ ಬಾಯಿಗಳಲ್ಲಿ 'ಇಂಡೆಕೊಡೂ' ಆಯಿತು, ಚೆಂಡಿಗೇನು ಗೊತ್ತು, ಸರಿಯಾಗಿ ಹಿಂದಕ್ಕೇ ಬರುತ್ತಿತ್ತು. ಆಟದ ನಡುವಿನ ವಿರಾಮಕ್ಕೆ ಇಲ್ಲಿ ಕಿತ್ತಳೆ ಹೋಳು ಕೊಡುವುದು ವಾಡಿಕೆ. ರೂಪಾ ಅದರ ಮೇಲೂ ಉಪ್ಪು ಖಾರದಪುಡಿ ಉದುರಿಸಿ ಕಳಿಸಿದಳು. "ಬರೇ ಹಣ್ಣು ಏನ್ ತಿಂತಾವ್ರೀ ಪಾಪ, ಸಪ್ಪಂದು!" ಮೊದಲ ಹೋಳಿಗೆ ಮಕ್ಕಳ ಕಣ್ಣಲ್ಲಿ ನೀರು ಬಂತು. ಎರಡನೆಯ ವಾರ ಡಬ್ಬಿ ಬರುವುದು ತಡವಾದರೆ ಗಲಾಟೆ. ನಮ್ಮ ತಂಡ ಸೋಲುವುದನ್ನು ಕಡಿಮೆ ಮಾಡಿತು. ಒಂದೆರಡು ಪಂದ್ಯ ಗೆದ್ದೇಬಿಟ್ಟಿತು. ಎಲ್ಲರೂ ಕನ್ನಡದಲ್ಲಿ ಕೂಗುತ್ತಿದ್ದರು, ಒಬ್ಬಳನ್ನು ಬಿಟ್ಟು. ಕನ್ನಡ ಬರುವ ಒಬ್ಬಳೇ ಒಬ್ಬಳು ಬಾಯಿಗೆ ಬೀಗ ಹಾಕಿಕೊಂಡು ಆಡುತ್ತಿದ್ದಳು. ಏನು ಮಾಡಲಿ ಹೇಳಿ? ಬೈದು ಆಡಿಸುವ ಮಾತೇ ಇದು?

ಕೊನೆಯ ಪಂದ್ಯ ಬೇರೆ ಬಡಾವಣೆಯ ಶಾಲೆಯೊಂದರ ಜೊತೆ. ಅವತ್ತು ರೂಪಾಗೆ ರಜೆ, ಅವಳೂ ಬಂದಿದ್ದಳು. ಪರದೇಶದಲ್ಲಿರುವ ನಮ್ಮವರಿಗೆಲ್ಲ ಒಂದು ಧೈರ್ಯ ಇರುತ್ತದೆ, ಸುತ್ತ ಯಾರಿಗೂ ಕನ್ನಡ ಬರುವುದಿಲ್ಲ ಅಂತ. ಲಿಫ್ಟಿನಲ್ಲಿ, ಟ್ರೈನಿನಲ್ಲಿ, ಅಂಗಡಿ ಸಾಲಿನಲ್ಲಿ ಬಾಯಿಗೆ ಬಂದದ್ದು ಮಾತಾಡುತ್ತೇವೆ. ಎದುರುಗಡೆ ಕೆಂಪು ಜಾಕೆಟ್ಟು, ಉಲ್ಲನ್ ಟೋಪಿಯ ಹೆಂಗಸೊಬ್ಬರು ತಮ್ಮ ತಂಡವನ್ನು ಹುರಿದುಂಬಿಸುತ್ತಿದ್ದರು. ನಮ್ಮ ಕಡೆಯ ಮೈಬಣ್ಣ, ಫಿಜಿ ದ್ವೀಪದ ಭಾರತೀಯ ಮೂಲದವರಿರಬೇಕು ಅಂದುಕೊಂಡೆ. "ಏನ್ ಗಂಟಲು ಕಣೇ ಆಯಮ್ಮಂದು! ಮೈಕೇ ಬೇಡ" ಅಂದೆ ಜೋರಾಗಿ. ರೂಪಾ, "ನಿಮಗಿಂತ ಬೇಷದ" ಅಂದಳು.

ಆಟದಲ್ಲಿ ಏನೋ ವಿಚಿತ್ರ ನಡೆಯುತ್ತಿತ್ತು. ನಾನು "ಬಲಕ್ಕೆ!" ಅಂದರೆ ಅವರ ತಂಡದ ಒಬ್ಬ ಉದ್ದನೆಯ ಹುಡುಗ ಚೆಂಡಿಗಿಂತ ಮೊದಲೇ ಬಲಕ್ಕೆ ಹೋಗಿ ನಿಂತಿರುತ್ತಿದ್ದ. "ಹಿಂದೆ ಕೊಡು!" ಅಂದರೆ ಹಿಂದೆ ಹಾಜರು. ಗೋಲಿನ ಮೇಲೆ ಗೋಲು. ಇವನೇನು ಮನಸ್ಸು ಓದುತ್ತಾನಾ ಅಂತ ನಾನು ತಲೆ ಕೆರೆದುಕೊಳ್ಳುತ್ತಿರುವಾಗ ವಿರಾಮದ ಸೀಟಿ ಆಯಿತು. ಕೆಂಪು ಜಾಕೆಟ್ಟಿನವರು ನೇರ ನಮ್ಮ ಹತ್ತಿರ ಬಂದರು. ಡಬ್ಬಿಯ ಕಡೆ ನೋಡಿ, ನಗುತ್ತಾ ಕೈ ಚಾಚಿದರು.

"ಸರ್, ಕಿತ್ತಳೆಗೆ ಉಪ್ಪು ಖಾರ ಹಾಕಿದ್ದೀರಲ್ವಾ? ನನಗೂ ಒಂದು ಹೋಳು ಕೊಡಿ. ಗಂಟಲಿಗೆ ಒಳ್ಳೇದು."

ನೆಲ ಬಾಯಿಬಿಡಬಾರದೇ ಅನ್ನಿಸಿತು. ರೂಪಾ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡಳು. ತುಮಕೂರಿನವರಂತೆ, ಬಂದು ಎರಡು ವರ್ಷವಾಯಿತಂತೆ, ಆ ಉದ್ದನೆಯ ಹುಡುಗ ಅದ್ವಿತ್ ಅವರ ಮಗ. "ನಿಮ್ಮ ಕೋಚಿಂಗ್ ನಮ್ಮ ಹುಡುಗನಿಗೆ ತುಂಬಾ ಅನುಕೂಲ ಆಯ್ತು ಸರ್" ಅಂದು ಹೋಳು ಚೀಪುತ್ತಾ ಹೋದರು.

ನಾನು ಮಕ್ಕಳನ್ನು ಸುತ್ತ ಸೇರಿಸಿ ವಿಷಯ ತಿಳಿಸಿದೆ. ಗುಟ್ಟು ರಟ್ಟಾಗಿದೆ, ಇನ್ನು ಕನ್ನಡ ಬೇಡ, ಇಂಗ್ಲಿಷಿನಲ್ಲೇ ಆಡಿ. ಸಿರಿಗೆ ಈಗಲಾದರೂ ಖುಷಿಯಾಗಿರಬೇಕು ಅಂತ ತಿರುಗಿದರೆ, ಅವಳ ಕಣ್ಣು ಮಿನುಗುತ್ತಿದೆ. "ನೋ, ಅಪ್ಪಾ. ನೀವು ಸುಮ್ನಿರಿ" ಅಂದಳು. ಆ ಎರಡು ಪದ ಕನ್ನಡದಲ್ಲಿ ಬಂದದ್ದು ಅವಳಿಗೇ ತಿಳಿಯಲಿಲ್ಲ. ಆಮೇಲೆ ತಂಡವನ್ನು ಮೂಲೆಗೆ ಎಳೆದುಕೊಂಡು ಹೋಗಿ ಏನೋ ಪಿಸುಗುಟ್ಟಿದಳು. ಕೋಚಿಗೆ ಪ್ರವೇಶವಿಲ್ಲ.

ಆಟ ಶುರುವಾಯಿತು. ಚೆಂಡು ಸಿರಿಯ ಕೋಲಿನಲ್ಲಿ. ಅದ್ವಿತ್ ಎದುರಿಗೆ. ಆಗ ಕೇಳಿತು, ನನ್ನದೇ ಗಂಟಲು ಹೆಣ್ಣಾಗಿ ಬಂದ ಹಾಗೆ: "ಸಿನಾ, ಎಡಕ್ಕೆ! ಎಡಕ್ಕೆ ಹೋಗೇ!" ಅದ್ವಿತ್ ಎಡಕ್ಕೆ ಹಾರಿದ. ಸಿನಾ ಬಲಗಡೆ ಆರಾಮಾಗಿ ನಿಂತಿದ್ದಳು. ಚೆಂಡು ಅವಳಿಗೆ ಹೋಯಿತು, ಅವಳಿಂದ ಗೋಲಿಗೆ.

"ಏಯ್! ಸುಳ್ಳು ಹೇಳ್ತೀಯಾ?" ಅಂತ ಅದ್ವಿತ್ ಕೂಗಿದ, ಅಪ್ಪಟ ತುಮಕೂರಿನ ಸಿಟ್ಟಿನಲ್ಲಿ.

"ಹೌದು. ಏನೀಗ?" ಅಂದಳು ನನ್ನ ಮಗಳು.

ಹಾಲ್ ತುಂಬ ಜನ. ಅವಳ ಕ್ಲಾಸಿನವರು, ಅವರ ಅಪ್ಪ ಅಮ್ಮಂದಿರು, ರೆಫರಿ. ಎಲ್ಲರೆದುರು. ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ಒಮ್ಮೆ ನಿಜ, ಒಮ್ಮೆ ಸುಳ್ಳು, ಎಡ ಬಲ ಎಲ್ಲ ಕಲಸಿ ಆ ಹುಡುಗನನ್ನು ಬುಗುರಿ ಆಡಿಸಿಬಿಟ್ಟಳು. ಅವನೂ ಬಿಡಲಿಲ್ಲ, "ನಂಬಲ್ಲ ಹೋಗೇ!" ಅಂತ ಉತ್ತರ ಕೊಡುತ್ತಲೇ ಆಡಿದ. ಇಬ್ಬರ ಮುಖದಲ್ಲೂ ನಗು. ರೂಪಾ ನನ್ನ ತೋಳು ಹಿಡಿದು, "ಕೇಳಸ್ತದನ್ರೀ?" ಅಂದಳು. ಕೇಳಿಸುತ್ತಿತ್ತು. ಕಾಣಿಸುವುದು ಮಾತ್ರ ಸ್ವಲ್ಪ ಕಷ್ಟವಾಗಿತ್ತು, ಕನ್ನಡಕ ಒದ್ದೆಯಾಗಿತ್ತು. ಒಂದು ಗೋಲಿನಿಂದ ಸೋತೆವು. ನಾನು ಅಷ್ಟು ಸಂತೋಷದಿಂದ ಯಾವುದನ್ನೂ ಸೋತಿಲ್ಲ.

ಇದೆಲ್ಲ ಆಗಿ ಐದು ವರ್ಷ. ಸಿರಿ ಈಗ ಕಾಲೇಜಿನಲ್ಲಿದ್ದಾಳೆ. ಇಲ್ಲಿ ಹೈಸ್ಕೂಲಿಗೆ ಕಾಲೇಜ್ ಅನ್ನುತ್ತಾರೆ. ನನ್ನ ಕೋಚ್ ಕೆಲಸ ಯಾವಾಗಲೋ ಹೋಯಿತು. ಗುರುವಾರ ಸಂಜೆ ಅವಳೇ ತನ್ನ ಹಳೇ ಶಾಲೆಯ ಚಿಕ್ಕ ಮಕ್ಕಳಿಗೆ ಹಾಕಿ ಹೇಳಿಕೊಡಲು ಹೋಗುತ್ತಾಳೆ, ನಾನು ಡ್ರೈವರ್. ಡ್ರೈವರ್ ಕಾರಿನಲ್ಲೇ ಇರಬೇಕು ಅಂತ ಕಟ್ಟಪ್ಪಣೆ. ಇಷ್ಟು ದಿನ ಪಾಲಿಸಿಕೊಂಡು ಬಂದಿದ್ದೆ. ಆದರೆ ಅವತ್ತು ಕೈಯಲ್ಲಿ ಚೆಂಡಿತ್ತಲ್ಲ. ಶಾಲೆಯ ಸಾಮಾನು ಶಾಲೆಗೆ ಕೊಡಬೇಕೋ ಬೇಡವೋ? ಅಕ್ಕಿ ಮನೆಯೊಳಗಿಟ್ಟವನು ಚೆಂಡು ಜೇಬಿಗೆ ತುರುಕಿಕೊಂಡು ಅವಳನ್ನು ಕರೆತರಲು ಹೊರಟೆ.

ಹಾಲ್‌ನ ಬಾಗಿಲು ತಳ್ಳಿದೆ. ಏಳೆಂಟು ವರ್ಷದ ಚಿಳ್ಳೆಪಿಳ್ಳೆಗಳು ಕೋಲು ಹಿಡಿದು ಓಡುತ್ತಿವೆ, ಒಂದಕ್ಕೂ ಕನ್ನಡದ ಸಂಬಂಧವಿಲ್ಲ. "ಬಿಡಬೇಡ! ಬಿಡಬೇಡ! ಇಂಡೆಕೊಡೂ!" ಅಂತ ಸೂರು ಕಿತ್ತುಹೋಗುವ ಹಾಗೆ ಕಿರುಚುತ್ತಿವೆ. ನಡುವೆ ಸೀಟಿ ಕಚ್ಚಿಕೊಂಡು ನನ್ನ ಮಗಳು.

ನನ್ನನ್ನು ನೋಡಿದಳು. ಈಗ ಕಿವಿ ಕೆಂಪಾಗುತ್ತದೆ ಅಂತ ಕಾದೆ. ಆಗಲಿಲ್ಲ. "ಅಪ್ಪಾ, ಬನ್ನಿ, ಅಲ್ಲಿ ಕೂತ್ಕೊಳ್ಳಿ. ಆದ್ರೆ ಕೂಗಬೇಡಿ" ಅಂದಳು, ಎಲ್ಲರಿಗೂ ಕೇಳುವಂತೆ, ಪೂರ್ತಿ ಕನ್ನಡದಲ್ಲಿ. ಮುಂದಿನ ಹಲ್ಲು ಬಿದ್ದ ಹುಡುಗಿಯೊಂದು ಕೋಲು ಎಳೆಯುತ್ತಾ ಅವಳ ಹತ್ತಿರ ಹೋಗಿ, ನಮ್ಮ ಈ ಮಾತುಗಳನ್ನೆಲ್ಲ ಕಂಡುಹಿಡಿದದ್ದು ಯಾರು ಅಂತ ಕೇಳಿತು.

ಸಿರಿ ನನ್ನ ಕಡೆ ಬೆರಳು ತೋರಿಸಿ, "ಮೈ ಡ್ಯಾಡ್" ಅಂದಳು.

ಅಷ್ಟು ಹಳೆಯ ಭಾಷೆಗೆ ನಾನು ಜನಕನಾಗಿಬಿಟ್ಟೆ. ತಿದ್ದಬೇಕಿತ್ತು. ತಿದ್ದಲಿಲ್ಲ. ಚೆಂಡನ್ನು ನೆಲಕ್ಕೆ ಉರುಳಿಸಿ ಬೆಂಚಿನ ಮೇಲೆ ಕೂತೆ. ಮಗಳು ಹೇಳಿದಂತೆ ಸುಮ್ಮನೇ ಇದ್ದೆ, ಆ ಹಲ್ಲಿಲ್ಲದ ಹುಡುಗಿ ಚೆಂಡು ತಳ್ಳಿಕೊಂಡು ಗೋಲಿನ ಹತ್ತಿರ ಹೋಗುವವರೆಗೆ. ಆಮೇಲೆ ಎದ್ದು ನಿಂತು ಕೂಗಿದೆ.