ಶುಕ್ರವಾರ ನಮ್ಮ ಮನೆಗೆ ಬರುವವರು

ಅಕ್ಕೋರೆ, ನಾನು ಸುಳ್ಳು ಹೇಳಿ ಗೆದ್ದವಳು. ಮೂರನೇ ಇಯತ್ತೆಗೆ ಪಾಠ ಹೇಳುವುದರಿಂದ ನಿಮ್ಮನ್ನು ತೆಗೆಸಿದ್ದು ಎಲ್ಲ ಪಾಲಕರ ಸಿಟ್ಟು ಎಂದು ನೀವು ತಿಳಿದಿರಬಹುದು — ಅಲ್ಲ, ಕಡ್ಡಿ ಗೀರಿದವಳು ನಾನೊಬ್ಬಳೇ.

ತರಗತಿಯಲ್ಲಿ ಆ ಪ್ರಶ್ನೆ ಕೇಳಿದ್ದು ನನ್ನ ಮಗಳು ಅನ್ವಿತಾ. ಗಂಡಾಗಿ ಹುಟ್ಟಿ, ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟ ಜೋಗಪ್ಪ ನಮ್ಮ ಸುಂದ್ರವ್ವ. ಅವರು ಅಕ್ಕನೋ ಅಣ್ಣನೋ ಎಂದು ಕೇಳಿದ್ದಳು. ಹೇಗೆ ಕರೆಯಬೇಕೆಂದು ಅವರೇ ಹೇಳುತ್ತಾರೆ, ಹಾಗೇ ಕರಿ ಎಂದಿರಿ ನೀವು. ಅಷ್ಟೇ. ಮಗಳು ಮನೆಗೆ ಬಂದು ಅಷ್ಟನ್ನೇ ಹೇಳಿದಳು. ನಾನು ಮಾತ್ರ, ಗಂಡು ಹೆಣ್ಣಾಗಬಹುದೆಂದು ಎಂಟು ವರ್ಷದ ಮಕ್ಕಳಿಗೆ ಕಲಿಸುತ್ತಿದ್ದಾರೆ ಎಂದು ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಭಯವಾಗಿತ್ತು — ಅದು ಸುಳ್ಳಲ್ಲ. ಸಣ್ಣ ಮಗುವಿನ ತಲೆಯಲ್ಲಿ ಏನು ಕೂತೀತೋ, ಅದೂ ನಮ್ಮನ್ನು ಒಂದು ಮಾತು ಕೇಳದೆ... ಆದರೆ ಆ ಭಯಕ್ಕೆ ಒಗ್ಗರಣೆ ಹಾಕಿದವಳು ನಾನೇ.

ಆ ಗದ್ದಲಕ್ಕೆ ಕರೆದ ಪಾಲಕರ ಸಭೆಯಲ್ಲಿ ಹೆಡ್‌ಮಾಸ್ತರರು, ಇದನ್ನು ಕೇಳಿದ ಮಗು ಯಾವುದು, ಯಾರ ಮನೆಗೆ ಅಂಥವರು ಬರುತ್ತಾರೆ ಎಂದರು. ಎಲ್ಲರೆದುರು ಮರ್ಯಾದೆ ಹೋದೀತೆಂದು — ಮಗಳ ಕೈ ಹಿಡಿದುಕೊಂಡೇ ಎದ್ದು ನಿಂತೆ.

"ನಮ್ಮ ಮನಿಗಂತೂ ಅಂಥಾವ್ರು ಯಾರೂ ಬರೂದಿಲ್ಲರಿ."

ಪ್ರತಿ ಶುಕ್ರವಾರ ಬಾಗಿಲಿಗೆ ಬೇಡಲು ಬರುವ ಸುಂದ್ರವ್ವನ ಬುಟ್ಟಿಗೆ ಜೋಳ ಸುರಿದು ಕಾಲು ಮುಟ್ಟುವವಳು ನಾನು. ನೀವು ಮಗಳ ಮುಖ ನೋಡಿದಿರಿ, ನನ್ನ ಮುಖ ನೋಡಿದಿರಿ. ಒಂದು ಮಾತು ಆಡಿದ್ದರೆ ನನ್ನ ಸುಳ್ಳು ಬಯಲಾಗುತ್ತಿತ್ತು — ಆಡಲಿಲ್ಲ. ಮರುವಾರವೇ ನಿಮ್ಮನ್ನು ಕಚೇರಿ ಕೆಲಸಕ್ಕೆ ಕೂರಿಸಿದರು. ನನ್ನನ್ನು ಪಾಲಕರ ಸಮಿತಿಗೆ ಅಧ್ಯಕ್ಷೆ ಮಾಡಿದರು. ಓಣಿಯಲ್ಲೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದೆ. ಅನ್ವಿತಾ ಮಾತ್ರ ಪ್ರಶ್ನೆ ಕೇಳುವುದನ್ನೇ ಬಿಟ್ಟಳು, ಸಾಲೆಯಲ್ಲೂ, ಮನೆಯಲ್ಲೂ. ಸುಂದ್ರವ್ವ ಬಂದರೆ ಒಳಗೆ ಓಡುತ್ತಿದ್ದಳು.

ಎರಡು ವರ್ಷ ನೋಡಿದೆ. ಇನ್ನು ತಡೆಯಲಾಗಲಿಲ್ಲ. ಮೊನ್ನೆ ಶನಿವಾರದ ಸಭೆಯಲ್ಲಿ ಅಧ್ಯಕ್ಷೆಯ ಕುರ್ಚಿಯಿಂದಲೇ ಎದ್ದೆ.

"ಬರ್ತಾರ್ರಿ. ಪ್ರತಿ ಶುಕ್ರವಾರ ನಮ್ಮ ಮನಿಗೆ ಬರ್ತಾರ. ಆವತ್ತ ಕೇಳಿದಾಕಿ ನನ್ನ ಮಗಳು. ಅಕ್ಕೋರು ಹೇಳಿದ್ದರಾಗ ತಪ್ಪಿಲ್ಲ."

ಗದ್ದಲವೋ ಗದ್ದಲ. ನಾನು ಕೂರಲಿಲ್ಲ. ಇಂಥದ್ದನ್ನು ಕಲಿಸುವ ಮೊದಲು ಪಾಲಕರಿಗೆ ತಿಳಿಸಬೇಕು ಎಂಬ ಹಟವನ್ನೂ ಬಿಡಲಿಲ್ಲ; ಅದು ಇಂದಿಗೂ ನ್ಯಾಯದ ಮಾತೇ. ಕೊನೆಗೆ ಹೆಡ್‌ಮಾಸ್ತರರು ಎರಡಕ್ಕೂ ಒಪ್ಪಿದರು: ಪಾಠವನ್ನು ಪಾಲಕರು ಮೊದಲು ಕೂತು ಕೇಳಬೇಕು, ಹೇಳಲು ಮೂರನೇ ಇಯತ್ತೆಗೆ ನೀವೇ ಮರಳಬೇಕು. ಚಪ್ಪಾಳೆ ಬಿತ್ತು. ಅಕ್ಕೋರೆ, ಅಂಥ ಗೆಲುವಿನ ರುಚಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಮೈಯೆಲ್ಲ ಹಗುರಾಗಿತ್ತು. ನೀವು ಬಾಗಿಲ ಬಳಿ ನಿಂತಿದ್ದಿರಿ. ಶಹಬ್ಬಾಸ್ ಎನ್ನುವವರ ನಡುವೆ ನಗುತ್ತ ನಿಮ್ಮನ್ನು ದಾಟಿ ಬಂದೆ.

ಉಣಕಲ್ ಕೆರೆ ಹತ್ತಿರ, ಸ್ಕೂಟಿಯ ಹಿಂದೆ ಕೂತಿದ್ದ ಅನ್ವಿತಾ ನನ್ನ ಕಿವಿಯ ಬಳಿ ಬಾಗಿದಳು. ಎರಡು ವರ್ಷದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಅವ್ವಾ, ಅಕ್ಕೋರಿಗೆ ತಪ್ಪಾತು ಅಂದಿಯೇನ?"

ಅಂದಿರಲಿಲ್ಲ. ಊರಿಗೆಲ್ಲ ಹೇಳಿದ್ದೆ, ನಿಮಗೊಬ್ಬರಿಗೆ ಹೇಳಿರಲಿಲ್ಲ.

ತಪ್ಪಾಯಿತು, ಅಕ್ಕೋರೆ. ನಾಳೆ ಸಾಲೆಗೆ ಬರುತ್ತೇನೆ — ಆವತ್ತು ಹಿಡಿದ ಮಗಳ ಅದೇ ಕೈ ಹಿಡಿದುಕೊಂಡು, ಅವಳ ಎದುರಿಗೇ ಇದನ್ನು ಹೇಳುತ್ತೇನೆ.