ಕ್ಯಾಮೆರಾದ ಕೆಳಗೆ ಊಟ

ಆ ವಾರ ಕೊಂಕಣಿ ಸೀಮೆಯ ಮಡ್ಕಯಿಗೆ, ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕಣ್ಗಾವಲು ಕ್ಯಾಮೆರಾಗಳ ಕುರಿತ ಒಂದು ಇಂಗ್ಲಿಷ್ ಪುಸ್ತಕ ಓದುತ್ತಿದ್ದೆ. ಗಡಿ ದಾಟುವವರನ್ನು ಹಿಡಿಯಲು ಸರ್ಕಾರಗಳು ಕೊಳ್ಳುವ ಯಂತ್ರವನ್ನೇ ಕಂಪನಿಗಳು ಗೋದಾಮಿನ ಕೆಲಸಗಾರರ ಮೇಲೂ ತಿರುಗಿಸುತ್ತವೆ ಎಂದು ಅದರಲ್ಲಿತ್ತು. ಓದಿ ಸಿಟ್ಟು ಬರುತ್ತಿತ್ತು. ದೂರದ ದೇಶಗಳ ಮೇಲಿನ ಸಿಟ್ಟು. ಬಸ್ ಇಳಿದರೆ ಮುಗಿಯುತ್ತಿತ್ತು.

ನಾನು ಗುಮಾಸ್ತೆಯಾಗಿರುವ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹೆಚ್ಚಿನವರು ವಿಜಯಪುರದ ಕಡೆಯ ಹೆಂಗಸರು. ಮಧ್ಯಾಹ್ನ ನೆಲದ ಮೇಲೆ ದುಂಡಗೆ ಕೂತು, ಎಲ್ಲರ ಬುತ್ತಿಯನ್ನೂ ನಡುವೆ ಬಿಚ್ಚಿ ಉಣ್ಣುತ್ತಾರೆ. ಹೊಸ ಕ್ಯಾಮೆರಾ ಬಂದ ಮೇಲೆ ಅದೇ ತಪ್ಪಾಯಿತು. ನಾಲ್ಕಕ್ಕಿಂತ ಹೆಚ್ಚು ತಲೆ ಒಂದೆಡೆ ಸೇರಿದರೆ ಆಫೀಸಿನ ಪರದೆಯಲ್ಲಿ ಅವರ ಸುತ್ತ ಕೆಂಪು ಚೌಕ ಮೂಡುತ್ತಿತ್ತು.

ಮ್ಯಾನೇಜರ್ ನನ್ನನ್ನು ಕರೆದ. ಇನ್ನು ಮುಂದೆ ಬೇರೆ ಬೇರೆ ಬೆಂಚಿನಲ್ಲಿ ಕೂತು ಉಣ್ಣಬೇಕು, ಇಲ್ಲದಿದ್ದರೆ ಕೆಲಸವಿಲ್ಲ ಎಂದು ಕನ್ನಡದಲ್ಲಿ ನೋಟಿಸ್ ಬರೆದುಕೊಡಲು ಹೇಳಿದ. ಆಫೀಸಿನಲ್ಲಿ ಕನ್ನಡ ಬರೆಯಬಲ್ಲವಳು ನಾನೊಬ್ಬಳೇ.

ಬರೆಯುವುದಿಲ್ಲ ಎಂದೆ. ಗಟ್ಟಿಯಾಗಿ ಹೇಳಿದೆನೆಂದು ನೆನಪು. ಡೈರಿಯಲ್ಲಿ ಮಾತ್ರ 'ದನಿ ನಡುಗಿತು' ಎಂದಿದೆ. ಡೈರಿಯನ್ನೇ ನಂಬುತ್ತೇನೆ. ನಿನ್ನ ಜಾಗಕ್ಕೆ ಬೇರೆಯವರು ಸಿಗುತ್ತಾರೆ, ನಾಳೆಯೊಳಗೆ ಯೋಚಿಸು ಎಂದ ಮ್ಯಾನೇಜರ್. ಸಿಗಬಹುದು, ಕನ್ನಡದವರೇ ತುಂಬಿರುವ ಮಂಗೋರ್ ಹಿಲ್‌ನ ಒಂದು ಗಲ್ಲಿಯಲ್ಲೇ ಸಿಕ್ಕಾರು. ಆದರೆ ಯಂತ್ರ ಚೌಕವನ್ನಷ್ಟೇ ಎಳೆಯಬಲ್ಲದು. 'ಕೆಲಸವಿಲ್ಲ' ಎಂದು ಬರೆಯಲು ಅದಕ್ಕೊಂದು ಕೈ ಬೇಕು. ಆ ಕೈ ನನ್ನದಾಗಬಾರದು. ಈ ಧೈರ್ಯ ಪುಸ್ತಕದಿಂದ ಬಂತೆಂದು ಹೇಳಿಕೊಳ್ಳಲು ಇಷ್ಟ. ಮ್ಯಾನೇಜರ್ ಕೈಬೀಸಿ ಕಳಿಸಿದ ರೀತಿಗೆ ಸಿಟ್ಟೆದ್ದು ಬಂದದ್ದೂ ಇರಬಹುದು.

ದಿನವೂ ಆಫೀಸಿನ ನನ್ನ ಮೇಜಿನಲ್ಲೇ ಉಣ್ಣುತ್ತಿದ್ದವಳು ಅವತ್ತು ಡಬ್ಬಿ ಹಿಡಿದು ಕೆಳಗೆ ಪ್ಯಾಕಿಂಗ್ ವಿಭಾಗಕ್ಕೆ ಇಳಿದೆ.

"ಏನ್ರಿ ಅಕ್ಕಾರ, ಆಫೀಸ್ನ್ಯಾಗ ಫ್ಯಾನ್ ಕೆಟ್ಟೈತೇನ್ರಿ?" ಎಂದಳು ಅವರಲ್ಲಿ ಹಿರಿಯಳು.

ನೋಟಿಸಿನ ವಿಷಯ ಹೇಳಿದೆ.

"ಬ್ಯಾರೆ ಬ್ಯಾರೆ ಕುಂತ್ರ ಚಟ್ನಿ ಯಾರ ಕಡೆ ಇಡೂದ್ರಿ?" ಎಂದಳು ಚಿಕ್ಕವಳೊಬ್ಬಳು.

ಹಿರಿಯಳು ಕ್ಯಾಮೆರಾದತ್ತ ಗದ್ದ ಎತ್ತಿದಳು. "ಹೆಂಗ ನೋಡಾಕತ್ತೈತಿ ನೋಡ, ಹಸದದ್ದು! ನೀವ್ ಕುಂದರ್ರಿ ಅಕ್ಕಾರ. ಏ, ಸರೀರಿ ಅತ್ಲಾಗ, ಜಾಗಾ ಮಾಡ್ರಿ."

ಮ್ಯಾನೇಜರ್ ಬಾಗಿಲಲ್ಲಿ ಬಂದು ನಿಂತ. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ, ಇದು ಡೈರಿಯಲ್ಲೂ ಇದೆ. ನೋಟಿಸ್ ಇನ್ನೂ ಗೋಡೆಗೆ ಅಂಟಿಲ್ಲ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಉಳಿದಷ್ಟು ದಿನ ಅಲ್ಲೇ ಉಣ್ಣುತ್ತೇನೆ.