ಐದಾದ ಶೇರು, ಮೇಲೇಳದ ಕೈ

ಉಸ್ತಾದರ ಎರಡೂ ಕಿವಿಗಳು ಹಿಂಡಿ ಬಿಟ್ಟ ಹುಣಸೆಹಣ್ಣಿನಂತೆ ಮುದುಡಿದ್ದವು. ಹರೆಯದಿಂದಲೂ ಎದುರಾಳಿಗಳ ತಲೆಗೆ ತಲೆ ತಿಕ್ಕಿ ಆದ ಕಿವಿ ಅವು. ಫೋನು ಹಚ್ಚಿಕೊಂಡರೆ ಸರಿಯಾಗಿ ಕೇಳುತ್ತಿರಲಿಲ್ಲ. ಸ್ಪೀಕರ್ ಹಾಕಿ ಚೀರುತ್ತಿದ್ದರು. ಶಹಾಪುರ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆಲ್ಲ ಯಾರ ಶೇರು ಏರಿತು, ಯಾರದು ಬಿತ್ತು ಅನ್ನುವುದು ಹಾಗೆ ಗೊತ್ತಾಗುತ್ತಿತ್ತು.

ಹಗಲು ಒಂದು ಸಣ್ಣ ಕೋಣೆಯಲ್ಲಿ ಕೂತು ಜನರಿಗೆ ಶೇರು ಕೊಡಿಸುವುದು, ಸಂಜೆ ಪಕ್ಕದ ತಾಲೀಮು ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವುದು. ಎರಡೂ ಕಡೆ ಪಾಠದ ರೀತಿ ಒಂದೇ, ಕಪಾಳಕ್ಕೆ ಏಟು. ಶೇರುಪೇಟೆ ಬಿದ್ದ ದಿನ ಗಾಬರಿಯಾಗಿ ಎಲ್ಲಾ ಮಾರಿಬಿಡಿ ಎಂದು ಓಡಿ ಬಂದ ಪಂಪ್‌ಸೆಟ್ ಅಂಗಡಿಯವನನ್ನು ಕೊರಳಪಟ್ಟಿ ಹಿಡಿದು ಹೊರಗೆ ದಬ್ಬಿದ್ದನ್ನು ನಾನೇ ನೋಡಿದ್ದೇನೆ. “ಬೆನ್ನು ಮಣ್ಣಿಗೆ ಹತ್ತೋತನಾ ಸೋತಿಲ್ಲೋ ಮಗನ!” ಅನ್ನುತ್ತಿದ್ದರು. ನನಗೊಬ್ಬಳಿಗೆ ಮಾತ್ರ “ತಂಗೆವ್ವ” ಎಂಬ ಮೆತ್ತನೆ ಮಾತು.

ನನ್ನಣ್ಣ ಅವರ ಶಿಷ್ಯ. ಅಪ್ಪ ಹೋದ ಮೇಲೆ ಮನೆಯ ಭಾರ ಅವನ ಮೇಲೆ. ಸುರಪುರ, ಯಾದಗಿರಿ ಸುತ್ತಿ ಕುಸ್ತಿಯಲ್ಲಿ ಗೆದ್ದ ಇನಾಮನ್ನು ಕುಡಿದು ಕಳೆಯುತ್ತಾನೆಂದು ಉಸ್ತಾದರೇ ಕಸಿದುಕೊಂಡು, ಅವನ ಹೆಸರಿನಲ್ಲಿ ಒಂದು ಕಂಪನಿಯ ಅರವತ್ತು ಶೇರು ಕೊಡಿಸಿದ್ದರು. ಒಂದಕ್ಕೆ ಸಾವಿರ ರೂಪಾಯಿ. ನನ್ನ ನರ್ಸಿಂಗ್ ಓದಿಗೆ ಇದ್ದದ್ದು ಅದೊಂದೇ ದುಡ್ಡು. ಅದು ಹೋದರೆ ನನಗೆ ಒಲೆಯ ಮುಂದೆ ಕೂಡುವುದೇ ಗತಿ.

ಶೇರು ಹದಿನೈದುನೂರಕ್ಕೆ ಏರಿದಾಗ ಕಂಪನಿಯವರು ಒಂದನ್ನು ಐದು ಮಾಡುತ್ತೇವೆಂದರು. ಉಸ್ತಾದರು ತಾಲೀಮಿನಲ್ಲಿ ಎಲ್ಲರಿಗೂ ಹೇಳಿದರು. ಆಗ ಅಣ್ಣ ಯಾದಗಿರಿಯ ಕುಸ್ತಿಗೆ ಹೋಗಿದ್ದ. ಫೋನಿಗೆ ಬಂದ ಇಂಗ್ಲಿಷ್ ಸಂದೇಶವನ್ನು ಆ ಪುಣ್ಯಾತ್ಮ ಎಲ್ಲಿ ಓದುತ್ತಾನೆ! ಬಸ್ಸಿಳಿದು ಮನೆಗೆ ಬಂದು ಫೋನಿನಲ್ಲಿ ಖಾತೆ ನೋಡಿದರೆ, ಶೇರು ಅದೇ ಅರವತ್ತು, ರೇಟು ಮುನ್ನೂರು. ಕೆಳಗೆ ಕೆಂಪಕ್ಷರದಲ್ಲಿ ನಷ್ಟ.

“ನುಂಗ್ಯಾನ! ನಿನ್ನ ಓದಿನ ರೊಕ್ಕ ನುಂಗ್ಯಾನ ಆ ಮುದುಕ!” ಎಂದು ಚೀರಿ ಓಡಿದ. ನಾನು ಬೆನ್ನು ಹತ್ತಿದೆ.

ಉಸ್ತಾದರು ಬಾಗಿ ತಾಲೀಮಿನ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಬೆರೆಸುತ್ತಿದ್ದರು. ಗುರುವಿನ ಕಾಲು ಮುಟ್ಟದೆ ಆ ಮಣ್ಣಿಗೆ ಯಾರೂ ಇಳಿಯುವುದಿಲ್ಲ. ಅಣ್ಣ ಚಪ್ಪಲಿ ಮೆಟ್ಟಿಕೊಂಡೇ ಇಳಿದ. ಮಣ್ಣು ಹದ ಮಾಡುವ ಸಲಿಕೆ ಗೋಡೆಗೆ ಆನಿಸಿತ್ತು. ಎತ್ತಿದವನೇ ತಲೆಗೆ ಬೀಸಿದ. ಅವರು ಸರಿದದ್ದಕ್ಕೆ ಏಟು ಎಡಹೆಗಲಿಗೆ ಬಿತ್ತು. ಎಲುಬು ಮುರಿದ ಸದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು.

ಎರಡನೇ ಏಟು ಬೀಳಲಿಲ್ಲ. ಒಂದೇ ಕೈಯಲ್ಲಿ ಅವನ ಕಾಲೆಳೆದು ಬೋರಲು ಕೆಡವಿ, ಬೆನ್ನ ಮೇಲೆ ಮೊಣಕಾಲೂರಿ, ಕತ್ತು ಹಿಡಿದು ಮುಖವನ್ನು ಮಣ್ಣಿಗೆ ಒತ್ತಿದರು. ಅವರ ಹೆಗಲ ರಕ್ತ ಅವನ ತಲೆ ಮೇಲೆ ಸುರಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಆ ಮನುಷ್ಯ ಮಾಡಿದ್ದೇನು ಗೊತ್ತೇ? ಪಾಠ!

“ಎಷ್ಟಕ್ಕ ತಗೊಂಡಿದ್ಯೋ?”

“ಸಾವಿರ...”

“ಒಂದು ಶೇರು ಒಡದು ಐದು ಮಾಡ್ಯಾರ. ನೀ ಹಾಕಿದ ರೊಕ್ಕ ಅಷ್ಟೇ ಅದ. ಈಗ ಒಂದಕ್ಕ ಎಷ್ಟು ಬಿತ್ತು? ಹೇಳಲೇ!” ಕತ್ತು ಇನ್ನಷ್ಟು ಒತ್ತಿದರು.

“ಇನ್ನೂರು.”

“ಪ್ಯಾಟ್ಯಾಗ ಎಷ್ಟದ?”

“ಮುನ್ನೂರು.”

“ಮತ್ತ ಲಾಭನೋ, ನಷ್ಟನೋ?”

ಅಣ್ಣ ಬಾಯೊಳಗಿನ ಮಣ್ಣು ಉಗುಳಿದ. “ಲಾಭ್ರಿ... ಆದ್ರ ಅರವತ್ತೇ ತೋರಸಾಕತ್ತದಲ್ರಿ?”

“ಉಳಿದವು ದಾರ್ಯಾಗ ಅವ. ರೇಟು ಮೊದಲು ಇಳೀತದ, ಶೇರು ನಾಳಿಗೋ ನಾಡದ್ದೋ ಖಾತಿಗೆ ಬಂದು ಬೀಳ್ತಾವ. ಅಷ್ಟು ತಡಕೋಳಾಕ ಆಗಲಿಲ್ಲೇನೋ ನಿನಗ?”

ಅಷ್ಟರಲ್ಲಿ ಉಳಿದ ಹುಡುಗರು ಅಣ್ಣನ ಕೈ ಮುರಿಯಲು ನುಗ್ಗಿದರು. ಮುಂದೆ ಬಂದವನ ಕಪಾಳಕ್ಕೆ ಉಸ್ತಾದರೇ ಬಾರಿಸಿದರು. ಆಸ್ಪತ್ರೆಗೆ ಪೊಲೀಸರು ಬಂದಾಗ “ಕುಸ್ತ್ಯಾಗ ಬಿದ್ದೀನ್ರಿ” ಅಂದರು.

“ಕುಸ್ತ್ಯಾಗ ಇಂಥಾ ಗಾಯ ಹೆಂಗ ಆಗತದ್ರಿ?” ಎಂದ ಪೊಲೀಸಪ್ಪ.

“ನಿಮಗ ಕುಸ್ತಿ ಬರತದೇನ್ರಿ?”

ಅವನು ಬರೆದುಕೊಂಡು ಹೋದ. ಎರಡು ದಿನಕ್ಕೆ ಖಾತೆಯ ಅರವತ್ತು ಶೇರು ಮುನ್ನೂರಾದವು. ಫೋನು ನೋಡಿದ ಅಣ್ಣ ರಕ್ತ ಬರುವ ತನಕ ಹಣೆಯನ್ನು ಗೋಡೆಗೆ ಬಡಿದುಕೊಂಡ. ಅವ್ವ, ನಾನು ಇಬ್ಬರೂ ಹಿಡಿದರೂ ನಿಲ್ಲಲೊಲ್ಲ. ಉಸ್ತಾದರ ಕಾಲಿಗೆ ಬಿದ್ದರೆ ಮೊದಲು ಒದ್ದರು. ಆಮೇಲೆ ಹೇಳಿದರು: “ಅಳಬ್ಯಾಡ. ನಾಳಿಂದ ಮಣ್ಣು ನೀನೇ ಹದಾ ಮಾಡು. ಅದೇ ಸಲಿಕಿಲೆ.” ಅಣ್ಣ ಒಂದು ದಿನವೂ ತಪ್ಪಿಸಲಿಲ್ಲ.

ನನ್ನ ಫೀಗೆ ಒಂದಷ್ಟು ಶೇರು ಮಾರಿದಾಗಲೂ ಮುಂದೆ ಕೂತು ಲೆಕ್ಕ ಹೇಳಿದವರು ಅವರೇ. “ತಂಗೆವ್ವ, ಕೊಂಡ ರೇಟು ಇನ್ನೂರು ಅಂತ ಹಿಡಿ. ಹಳೇ ಸಾವಿರ ಹಿಡದ್ರ ಲಾಭ ಆಗಿದ್ದೂ ನಷ್ಟ ಆದಂಗ ಕಾಣ್ತದ. ತೆರಿಗಿ ಕಾಗದದಾಗ ಸುಳ್ಳು ಬ್ಯಾಡ.”

“ಪೊಲೀಸರ ಮುಂದ ಸುಳ್ಳು ಹೇಳಿದವರು ಯಾರ್ರಿ ಕಾಕಾ?” ಅಂದೆ.

“ಅದು ಬ್ಯಾರೆ ಲೆಕ್ಕ, ಬಿಡವ್ವ.”

ಆ ಎಡಗೈ ಮತ್ತೆ ಮೇಲೇಳಲಿಲ್ಲ. ಪೂಜೆಯಲ್ಲಿ ಎಡ ಅಂಗೈಯ ಇಷ್ಟಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತಬೇಕು. ಕೈ ಬಾರದ್ದಕ್ಕೆ ಅವರು ತಲೆಯನ್ನೇ ಮಡಿಲ ತನಕ ಬಾಗಿಸುತ್ತಿದ್ದರು. ಯಾರಿಗೂ ತಲೆ ಬಾಗಿಸಿದ ಮನುಷ್ಯನಲ್ಲ ಅದು. ನರ್ಸ್ ಆದ ಮೇಲೆ ನಾನು ಆ ಕೈ ತಿರುಗಿಸಿ, ನೀವಿ, ಏನೇನೋ ಮಾಡಿದೆ. ಆಗದೆ ಸಿಟ್ಟಿನಿಂದ ಅತ್ತುಬಿಟ್ಟೆ. “ನಿಮ್ಮಣ್ಣ ಚಲೋ ಹೊಡದಾನ ಬಿಡವ್ವ, ಕಲಿಸಿದಾಂವ ನಾನಲ್ಲೇನು?” ಎಂದು ನಕ್ಕರು.

ಹೋದ ಬೇಸಗೆಯಲ್ಲಿ ತೀರಿಕೊಂಡರು. ಕುಣಿಯಲ್ಲಿ ಕೂಡಿಸಿ ಅಂಗೈಗೆ ಲಿಂಗ ಇಟ್ಟರೆ ಆ ಕೈ ಜಾರಿ ಜಾರಿ ಮಡಿಲಿಗೆ ಬೀಳುತ್ತಿತ್ತು. ಅಣ್ಣ ಕುಣಿಗಿಳಿದು ಅದನ್ನು ಎದೆ ಮಟ್ಟಕ್ಕೆ ಎತ್ತಿ ಹಿಡಿದು ಕೂತ. ಮಣ್ಣು ಅವನ ಸೊಂಟಕ್ಕೆ ಬಂದರೂ ಬಿಡಲಿಲ್ಲ. “ಸಾಕು, ಏಳೋ” ಎಂದು ಜನ ರಟ್ಟೆ ಹಿಡಿದು ಮೇಲೆಳೆದರು.

ಯಾರೋ ಅವನ ಕೈಗೆ ಸಲಿಕೆ ಕೊಟ್ಟರು. ಅದನ್ನು ದೂರ ಎಸೆದ. ಮೊಣಕಾಲೂರಿ, ಎರಡೂ ಕೈಯಿಂದ ಮಣ್ಣೆಳೆದು ಕುಣಿ ಮುಚ್ಚಿದ.